ಚಲಚ್ಚಿತ್ರಗಳ ಮನೆಮುದ್ರಿಕೆಗಳೂ ಮೂಲಪಾಠವೂ

ಪ್ರಾಚೀನ ಕಾವ್ಯವೊಂದು ಅಚ್ಚಾಗಿ ಕೈಗೆ ಬಂದಾಗ ನಾವು ಮೊದಲು ನೋಡುವುದು ಅದರ ಪೀಠಿಕೆಯನ್ನು. ಸಂಪಾದಕನು ಯಾವ ಪ್ರತಿಗಳನ್ನು ಆಧರಿಸಿದನು, ಎಲ್ಲಿ ಓಲೆ ಮುರಿದಿತ್ತು, ಎಲ್ಲಿ ತಾನು ಊಹಿಸಿ ತಿದ್ದಿದನು ಎಂಬ ವಿವರ ಅಲ್ಲಿ ಇಲ್ಲದಿದ್ದರೆ ಆ ಪುಸ್ತಕವನ್ನು ಪಾಠ ಹೇಳುವುದಕ್ಕೆ ಹಿಂಜರಿಯುತ್ತೇವೆ. ಸಾಹಿತ್ಯದ ತರಗತಿಗಳಲ್ಲಿ ಈಗ ಹಳೆಯ ಚಲಚ್ಚಿತ್ರಗಳೂ ವ್ಯಾಸಂಗದ ವಿಷಯವಾಗಿ ಬಂದಿವೆ. ಅವುಗಳನ್ನು ನಾವು ನೋಡುವುದೂ ತೋರಿಸುವುದೂ ಬಹುಮಟ್ಟಿಗೆ ಡಿವಿಡಿ, ಬ್ಲೂ-ರೇ ಮೊದಲಾದ ಮನೆಮುದ್ರಿಕೆಗಳ ಮೂಲಕ. ಇಲ್ಲಿ ಮಾತ್ರ ನಮ್ಮ ಆ ಎಚ್ಚರ ಕಾಣಬರುವುದಿಲ್ಲ. ಪರದೆಯ ಮೇಲೆ ಮೂಡಿದುದೇ ಮೂಲವೆಂದು ನಂಬಿ, ಅದರ ಬಣ್ಣ, ಬೆಳಕು, ಸಂಯೋಜನೆಗಳ ಮೇಲೆ ವಿಮರ್ಶೆಯನ್ನು ಕಟ್ಟುತ್ತೇವೆ. ಮೂಲನಿಷ್ಠೆ ಎಂಬ ಮಾತಿಗೆ ಮನೆಮುದ್ರಿಕೆಯ ವಿಷಯದಲ್ಲಿ ಯಾವ ಅರ್ಥ ಹೇಳಬೇಕೆಂಬುದನ್ನು ಕೆಲವು ನಿದರ್ಶನಗಳಿಂದ ವಿಚಾರಿಸುವುದು ಈ ಬರಹದ ಉದ್ದೇಶ.

ಯಂತ್ರದ ಮತ್ತು ವ್ಯಾಪಾರದ ಅನುಕೂಲಕ್ಕಾಗಿ ಒದಗಿದ ವಿಕಾರಗಳನ್ನು ಮೊದಲು ಹೇಳಿಬಿಡಬಹುದು. ಸಿನೆಮಾಸ್ಕೋಪಿನ ಚಿತ್ರದ ಅಗಲ ಎತ್ತರಕ್ಕಿಂತ 2.35 ಪಟ್ಟು. ಅದನ್ನು ಹಳೆಯ ದೂರದರ್ಶನದ 4:3 ಚೌಕಟ್ಟಿಗೆ ತುಂಬಿಸಿದರೆ ಚಿತ್ರದಲ್ಲಿ ನೂರಕ್ಕೆ 43 ಪಾಲು ಹೊರಗುಳಿಯುತ್ತದೆ. ಕೋಣೆಯ ಎರಡು ಕೊನೆಗಳಲ್ಲಿ ನಿಂತು ಮಾತನಾಡುವ ಇಬ್ಬರಲ್ಲಿ ಒಬ್ಬರು ಕಾಣದೆ ಹೋಗುತ್ತಿದ್ದುದು ಹೀಗೆಯೇ. ಅಗಲವಾದ ಪರದೆಗಳು ಬಂದ ಮೇಲೆ ಅಪಚಾರವು ತಿರುಗುಮುರುಗಾಯಿತು. 1.37ರ ಪ್ರಮಾಣದಲ್ಲಿ ತೆಗೆದ ಹಳೆಯ ಚಿತ್ರಗಳ ನೆತ್ತಿಯನ್ನೂ ಪಾದವನ್ನೂ ಕತ್ತರಿಸಿ 16:9ಕ್ಕೆ ಹೊಂದಿಸುವರು. ಆಗ ನಷ್ಟವಾಗುವುದು ಸುಮಾರು 23 ಪಾಲು. ವೇಗದ ಮಾತೂ ಉಂಟು. ಸೆಕೆಂಡಿಗೆ 24 ಚೌಕಟ್ಟುಗಳಂತೆ ತೆಗೆದ ಚಿತ್ರವು ನಮ್ಮ ದೇಶದಲ್ಲಿಯೂ ಬಳಕೆಯಲ್ಲಿದ್ದ ಪಾಲ್ ಪದ್ಧತಿಯ ಡಿವಿಡಿಯಲ್ಲಿ 25ರಂತೆ ಓಡುವುದು ರೂಢಿಯಾಗಿದ್ದಿತು. ನೂರು ನಿಮಿಷದ ಚಿತ್ರ ತೊಂಬತ್ತಾರಕ್ಕೆ ಮುಗಿಯುತ್ತದೆ, ಪ್ರತ್ಯೇಕವಾಗಿ ಸರಿಪಡಿಸದಿದ್ದರೆ ಗಾಯಕನ ಶ್ರುತಿಯೂ ತುಸು ಏರುತ್ತದೆ. ಇನ್ನು, ಫಿಲ್ಮಿನ ಸಹಜವಾದ ಸೂಕ್ಷ್ಮಕಣಗಳನ್ನು ಕೊಳೆಯೆಂದು ಬಗೆದು ಯಂತ್ರದಿಂದ ಒರಸಿ, ನಟರ ಮುಖಗಳನ್ನು ಮೇಣದ ಬೊಂಬೆಗಳಂತೆ ನುಣುಪು ಮಾಡಿದ ಮುದ್ರಿಕೆಗಳು ಕಡಮೆಯಲ್ಲ. ಇವೆಲ್ಲ ಲಿಪಿಕಾರನ ಕೈತಪ್ಪುಗಳಂಥವು. ಗುರುತಿಸುವುದು ಸುಲಭ, ವಾದಕ್ಕೆ ಇಲ್ಲಿ ಅವಕಾಶವಿಲ್ಲ.

ವಾದಕ್ಕೆ ಅವಕಾಶವಿರುವುದು ಮೂಲವೇ ಛಿನ್ನಭಿನ್ನವಾಗಿ ಉಳಿದು ಬಂದಾಗ. ಇದಕ್ಕೆ ಫ್ರಿಟ್ಸ್ ಲಾಂಗನ 'ಮೆಟ್ರೋಪೊಲಿಸ್' ಚಿತ್ರದ ಚರಿತ್ರೆಗಿಂತ ಒಳ್ಳೆಯ ನಿದರ್ಶನ ನಮಗೆ ತೋರದು. 1927ರ ಜನವರಿ 10ರಂದು ಬರ್ಲಿನ್ನಿನಲ್ಲಿ ಮೊದಲು ತೋರಿಸಿದಾಗ ಅದರ ಉದ್ದ 4189 ಮೀಟರು. ಅಮೆರಿಕದಲ್ಲಿ ಅದನ್ನು ಮೊಟಕು ಮಾಡಿ ಕತೆಯನ್ನೇ ಬದಲಿಸಿದರು. ಅದೇ ವರ್ಷ ಜರ್ಮನಿಯಲ್ಲಿಯೂ ಮೊಟಕಾದ ಪಾಠವೇ ಚಲಾವಣೆಗೆ ಬಂತು. ಪೂರ್ಣಪಾಠವು ಕಣ್ಮರೆಯಾಯಿತು. 1984ರಲ್ಲಿ ಜಾರ್ಜೊ ಮೊರೊಡರ್ ಎಂಬ ಸಂಗೀತಗಾರನು ಉಳಿದುದಕ್ಕೆ ಬಣ್ಣ ಲೇಪಿಸಿ, ತನ್ನ ಕಾಲದ ಹಾಡುಗಳನ್ನು ಸೇರಿಸಿ, ಹೊಸದೊಂದು ಆಕಾರ ಕೊಟ್ಟನು. ಅದು ಜನಪ್ರಿಯವಾಯಿತೆಂಬುದನ್ನು ಅಲ್ಲಗಳೆಯಲಾಗದು. ಆದರೆ ಅದನ್ನು ಲಾಂಗನ ಪಾಠವೆನ್ನುವಂತಿಲ್ಲ. 2001ರಲ್ಲಿ ಜರ್ಮನಿಯ ಮುರ್ನಾವ್ ಪ್ರತಿಷ್ಠಾನದವರು ನಾನಾ ದೇಶಗಳ ಪ್ರತಿಗಳನ್ನು ಹೋಲಿಸಿ ಪರಿಷ್ಕೃತವಾದ ಪಾಠವೊಂದನ್ನು ಸಿದ್ಧಪಡಿಸಿದರು. ಕಳೆದುಹೋದ ಎಡೆಗಳಲ್ಲಿ ಏನು ನಡೆಯಿತೆಂಬುದನ್ನು ಅಕ್ಷರಫಲಕಗಳಿಂದ ಸೂಚಿಸಿದರೇ ಹೊರತು, ಇದ್ದ ತುಣುಕುಗಳನ್ನು ಎಳೆದು ಜೋಡಿಸಿ ಬಿರುಕನ್ನು ಮುಚ್ಚಲಿಲ್ಲ.

ಆಮೇಲೆ ನಡೆದುದು ಗ್ರಂಥಸಂಪಾದಕರ ಕನಸಿನಂತಿದೆ. ಮೊಟಕಾಗುವ ಮೊದಲೇ ಅರ್ಜೆಂಟೀನಕ್ಕೆ ಹೋಗಿದ್ದ ಪ್ರತಿಯ ಸಂತಾನವೊಂದು 2008ರಲ್ಲಿ ಬ್ಯೂನಸ್ ಐರಿಸ್ಸಿನ ಚಲಚ್ಚಿತ್ರ ಸಂಗ್ರಹಾಲಯದಲ್ಲಿ ದೊರೆಯಿತು. ಸಂತಾನವೆಂದುದಕ್ಕೆ ಕಾರಣವುಂಟು: ಸಿಕ್ಕಿದ್ದು ಮೂಲದ 35 ಮಿಲಿಮೀಟರಿನ ಪ್ರತಿಯಲ್ಲ, ಸವೆದು ಗೀರುಬಿದ್ದ ಆ ಪ್ರತಿಯಿಂದ 16 ಮಿಲಿಮೀಟರಿಗೆ ಇಳಿಸಿ ತೆಗೆದ ನಕಲು. ಗೀರುಗಳೂ ನಕಲಿನೊಳಗೆ ಅಚ್ಚಾಗಿಹೋಗಿದ್ದುವು. ಇಳಿಸುವಾಗ ಚೌಕಟ್ಟಿನ ಅಂಚೂ ಕತ್ತರಿಸಿಹೋಗಿದ್ದಿತು. ಆದರೂ ಸುಮಾರು 25 ನಿಮಿಷಗಳ ಚಿತ್ರ ಮರಳಿ ಬಂತು. ಅದನ್ನು ಎಲ್ಲಿ ಸೇರಿಸಬೇಕೆಂಬುದಕ್ಕೆ ಗಾಟ್‌ಫ್ರೀಡ್ ಹುಪರ್ಟ್ಸ್ ಚಿತ್ರಕ್ಕಾಗಿ ರಚಿಸಿದ ಸಂಗೀತದ ಸ್ವರಲಿಪಿ ಆಧಾರವಾಯಿತು. ದೃಶ್ಯಗಳ ಸೂಚನೆಗಳು ಅದರಲ್ಲಿ ಬರೆದಿದ್ದುವು. ಮೂಲ ಹರಿದಾಗ ಟೀಕೆಯೇ ಮೂಲದ ಕ್ರಮವನ್ನು ತಿಳಿಸಿದಂತಾಯಿತು.

2010ರಲ್ಲಿ ಪ್ರದರ್ಶಿತವಾಗಿ ಅನಂತರ ಮನೆಮುದ್ರಿಕೆಯಾಗಿಯೂ ಬಂದ ಈ ಪಾಠದಲ್ಲಿ ನಾವು ಮೆಚ್ಚಬೇಕಾದುದು ದೊರಕಿದ ಭಾಗಕ್ಕಿಂತ ಹೆಚ್ಚಾಗಿ ಅದನ್ನು ಇಟ್ಟಿರುವ ರೀತಿಯನ್ನು. ಗೀರುಗಳನ್ನು ಆದಷ್ಟು ತಗ್ಗಿಸಿದರು, ಆದರೆ ಇಲ್ಲವೆನಿಸಲಿಲ್ಲ. ಚೌಕಟ್ಟು ಕತ್ತರಿಸಿಹೋದ ಕಡೆ ಚಿತ್ರವನ್ನು ಹಿಗ್ಗಿಸದೆ ಕಪ್ಪು ಅಂಚನ್ನು ಹಾಗೆಯೇ ಬಿಟ್ಟರು. ಆದಕಾರಣ ಮಸುಕಾದ, ಕಿರಿದಾದ ಚಿತ್ರ ಬಂದೊಡನೆ ಇದು ಬ್ಯೂನಸ್ ಐರಿಸ್ಸಿನ ಪಾಠವೆಂದು ಎಳೆಯ ವಿದ್ಯಾರ್ಥಿಯೂ ಹೇಳಬಲ್ಲನು. ಸಂಪಾದಕರು ಬಳಸುವ ಚೌಕಕಂಸವೇ ಇಲ್ಲಿ ದೃಶ್ಯರೂಪವನ್ನು ತಾಳಿದೆ. ಇದು ನೋಟಕ್ಕೆ ಅಂದವಲ್ಲವೆಂದು ಆಕ್ಷೇಪಿಸುವವರಿರಬಹುದು. ಕಳೆದ ಅಕ್ಷರಗಳ ಸ್ಥಾನದಲ್ಲಿ ಚುಕ್ಕೆಗಳನ್ನಿಟ್ಟ ಪದ್ಯವೂ ಅಂದವಲ್ಲ.

ಸತ್ಯಜಿತ್ ರಾಯರ 'ಪಥೇರ್ ಪಾಂಚಾಲಿ'ಯ (1955) ಪಾಡು ಇನ್ನೊಂದು ಬಗೆಯದು. ಅಪೂ ಚಿತ್ರತ್ರಯದ ಮೂಲ ನೆಗೆಟಿವ್‌ಗಳು 1993ರಲ್ಲಿ ಲಂಡನ್ನಿನ ಪ್ರಯೋಗಶಾಲೆಯೊಂದರ ಬೆಂಕಿಗೆ ಸಿಕ್ಕಿದುವು. ಸುಟ್ಟು ಸೆಟೆದುಕೊಂಡ ಸುರುಳಿಗಳನ್ನು ಅನೇಕ ವರ್ಷಗಳ ಮೇಲೆ ಇಟಲಿಯ ಬೊಲೊನ್ಯದಲ್ಲಿ ಮೆದುಗೊಳಿಸಿ, ಕೈಯಿಂದ ಅಂಟಿಸಿ, ಬಳಸಲು ಸಾಧ್ಯವಾದಷ್ಟನ್ನು ಉಳಿಸಿಕೊಂಡರು. ಮಿಕ್ಕುದನ್ನು ಬೇರೆ ಬೇರೆ ಸಂಗ್ರಹಗಳ ಪ್ರತಿಗಳಿಂದ ತುಂಬಿಕೊಂಡು, 2015ರಲ್ಲಿ ಚಿತ್ರಗಳು ಹೊರಬಂದವು. ಚಿತ್ರದ ಒಂದು ಭಾಗ ಮಾತ್ರ ಮೂಲ ನೆಗೆಟಿವ್‌ನಿಂದ ಬಂದುದೆಂಬುದನ್ನು ಆ ಕೆಲಸ ಮಾಡಿದವರು ಮರೆಮಾಚಲಿಲ್ಲ.

ಇನ್ನು ಎಲ್ಲಕ್ಕಿಂತ ಕಠಿನವಾದ ಪ್ರಶ್ನೆ. ಕರ್ತೃವೇ ಬಂದು ತನ್ನ ಕೃತಿಯನ್ನು ತಿದ್ದಿದರೆ ಹೇಗೆ? 'ದಿ ಫ್ರೆಂಚ್ ಕನೆಕ್ಷನ್' (1971) ಚಿತ್ರದ ನಿರ್ದೇಶಕ ವಿಲಿಯಂ ಫ್ರೀಡ್ಕಿನ್ 2009ರ ಬ್ಲೂ-ರೇಗಾಗಿ ಅದರ ಬಣ್ಣಗಳನ್ನು ಕುಗ್ಗಿಸಿ ಬೇರೆಯೇ ಛಾಯೆ ಕೊಟ್ಟರು. ಅದರ ಛಾಯಾಗ್ರಾಹಕರಾದ ಓವನ್ ರಾಯ್ಜ್‌ಮನ್ ಇದನ್ನು ಬಹಿರಂಗವಾಗಿಯೇ ಖಂಡಿಸಿದರು. 2012ರ ಮುದ್ರಿಕೆಯಲ್ಲಿ ಬಣ್ಣಗಳು ಮೊದಲಿನಂತಾದುವು. ಚಲಚ್ಚಿತ್ರಕ್ಕೆ ಕರ್ತೃವು ಒಬ್ಬನೇ ಎಂಬ ನಂಬಿಕೆ ಎಷ್ಟು ದುರ್ಬಲವೆಂಬುದಕ್ಕೆ ಇದೊಂದೇ ಸಾಕು. ಜಾರ್ಜ್ ಲ್ಯೂಕಸ್ 1988ರಲ್ಲಿ ಅಮೆರಿಕದ ಶಾಸನಸಭೆಯ ಮುಂದೆ ನಿಂತು, ಹಳೆಯ ಚಿತ್ರಗಳಿಗೆ ಬಣ್ಣ ಬಳಿಯುವವರನ್ನು ವಿರೋಧಿಸಿ, ಜನತೆಯ ಪರಂಪರೆಯನ್ನು ಕಾಪಾಡಬೇಕೆಂದು ವಾದಿಸಿದರು. 1997ರಲ್ಲಿ ಅವರೇ ತಮ್ಮ 'ಸ್ಟಾರ್ ವಾರ್ಸ್' (1977) ಚಿತ್ರಕ್ಕೆ ಹೊಸ ದೃಶ್ಯಗಳನ್ನು ಸೇರಿಸಿದರು. 2006ರಲ್ಲಿ 1977ರ ಪಾಠವನ್ನು ಡಿವಿಡಿಯಾಗಿ ಕೊಟ್ಟಾಗ, ಲೇಸರ್ ಡಿಸ್ಕಿಗಾಗಿ ಹಿಂದೆ ಮಾಡಿದ್ದ ಹಳೆಯ ಮುದ್ರಣವನ್ನೇ ಅನುಬಂಧದಂತೆ ಇಟ್ಟರು. ಹಾಂಗ್‌ಕಾಂಗಿನ ವಾಂಗ್ ಕಾರ್-ವಾಯ್ 2021ರ ಸಂಪುಟದಲ್ಲಿ 'ಫಾಲನ್ ಏಂಜೆಲ್ಸ್' (1995) ಚಿತ್ರದ ಚೌಕಟ್ಟಿನ ಪ್ರಮಾಣವನ್ನೇ ಬದಲಿಸಿದರು. ಬದಲಿಸಿದುದನ್ನು ಮುಚ್ಚಿಡದೆ ಪ್ರಕಟವಾಗಿ ಹೇಳಿದರು.

ಕವಿಯೊಬ್ಬನು ವೃದ್ಧಾಪ್ಯದಲ್ಲಿ ತನ್ನ ತಾರುಣ್ಯದ ಕಾವ್ಯವನ್ನು ತಿದ್ದಬಾರದೆಂದು ಯಾರೂ ಹೇಳರು. ಆದರೆ ತಿದ್ದಿದ ಪಾಠವು ಹಳೆಯ ಪಾಠವನ್ನು ಪೇಟೆಯಿಂದ ಹೊರಡಿಸಿದರೆ ಅದು ಪರಿಷ್ಕಾರವಾಗದೆ ಲೋಪವಾಗುತ್ತದೆ. ಮೊದಲ ನೋಟಕರು ಕಂಡು, ವಿಮರ್ಶಕರು ಚರ್ಚಿಸಿ, ಇತರ ನಿರ್ದೇಶಕರು ಅನುಸರಿಸಿದುದು ಹಳೆಯ ಪಾಠವನ್ನೇ. ಕರ್ತೃವಿನ ಕೊನೆಯ ಇಚ್ಛೆಗಿಂತ ಕೃತಿಯ ಮೊದಲ ಪ್ರದರ್ಶನದ ರೂಪಕ್ಕೆ ಹೆಚ್ಚಿನ ಪ್ರಾಮಾಣ್ಯವಿರಬೇಕೆಂದು ನಮ್ಮ ಅಭಿಪ್ರಾಯ.

ಇದಕ್ಕೆ ಅಪವಾದವೂ ಉಂಟು. ಮೊದಲ ರೂಪವೇ ಕರ್ತೃವಿನಿಂದ ಕಸಿದುಕೊಂಡುದಾಗಿರಬಹುದು. ಆರ್ಸನ್ ವೆಲ್ಸ್ ತನ್ನ 'ಟಚ್ ಆಫ್ ಈವಿಲ್' (1958) ಚಿತ್ರವನ್ನು ಸಂಸ್ಥೆಯವರು ಬೇರೆಯಾಗಿ ಜೋಡಿಸಿದುದನ್ನು ನೋಡಿ 58 ಪುಟಗಳ ಪತ್ರ ಬರೆದನು. ಅವನು ತೀರಿಕೊಂಡ ಮೇಲೆ, 1998ರಲ್ಲಿ, ವಾಲ್ಟರ್ ಮರ್ಚ್ ಆ ಪತ್ರವನ್ನು ಅನುಸರಿಸಿ ಚಿತ್ರವನ್ನು ಮತ್ತೆ ಜೋಡಿಸಿದರು. 2008ರ ಡಿವಿಡಿಯಲ್ಲಿ ಮೂರು ಪಾಠಗಳನ್ನೂ ಆ ಪತ್ರವನ್ನೂ ಒಟ್ಟಿಗೆ ಕೊಟ್ಟಿದ್ದಾರೆ. ಪಾಠಾಂತರಸಹಿತವಾದ ಸಂಸ್ಕರಣವೆಂದರೆ ಇದು.

ಕನ್ನಡದಲ್ಲಿ ನಮಗೆ ಮೊದಲು ಪರಿಚಯವಾದುದು ಬಣ್ಣದ ಪ್ರಶ್ನೆ. 'ಸತ್ಯಹರಿಶ್ಚಂದ್ರ' (1965) 2008ರಲ್ಲಿಯೂ 'ಕಸ್ತೂರಿ ನಿವಾಸ' (1971) 2014ರಲ್ಲಿಯೂ ಬಣ್ಣ ತಳೆದು ಚಿತ್ರಮಂದಿರಗಳಿಗೆ ಬಂದವು. ಹೊಸ ತಲೆಮಾರಿನವರು ಅವುಗಳನ್ನು ನೋಡಲೆಂಬ ಉದ್ದೇಶ ಒಳ್ಳೆಯದೇ. ಆದರೆ ಕಪ್ಪುಬಿಳುಪಿನ ಛಾಯಾಗ್ರಾಹಕನು ಬೆಳಕನ್ನು ಇಟ್ಟುದು ಬೂದುಬಣ್ಣದ ಮೆಟ್ಟಿಲುಗಳಿಗಾಗಿ. ಸ್ಮಶಾನದ ಕತ್ತಲೆಯಲ್ಲಿ ಹರಿಶ್ಚಂದ್ರನ ಮುಖವನ್ನು ಬೇರ್ಪಡಿಸುವ ಆ ಮೆಟ್ಟಿಲುಗಳು ಬಣ್ಣದ ಕೆಳಗೆ ಕಾಣದಾಗುತ್ತವೆ. ಮನೆಮುದ್ರಿಕೆಗಳಲ್ಲಿ ಬಣ್ಣದ ಪಾಠವು ಕಪ್ಪುಬಿಳುಪಿನದರ ಜಾಗದಲ್ಲಿ ಬಾರದೆ ಅದರ ಪಕ್ಕದಲ್ಲಿ ಬರಬೇಕು. ಗಿರೀಶ್ ಕಾಸರವಳ್ಳಿಯವರ 'ಘಟಶ್ರಾದ್ಧ' (1977) ಸಂರಕ್ಷಿತವಾಗಿ 2024ರಲ್ಲಿ ವೆನಿಸ್ ಉತ್ಸವದಲ್ಲಿ ಪ್ರದರ್ಶಿತವಾದಾಗ ಕಪ್ಪುಬಿಳುಪಾಗಿಯೇ ಇದ್ದಿತು. ಇಂಥ ಚಿತ್ರಗಳನ್ನು ಕಾಲೇಜಿನ ಪುಸ್ತಕಭಂಡಾರಗಳಿಗೆ ತರಿಸುವ ಅಧ್ಯಾಪಕರು ಯಾವ ನೆಗೆಟಿವ್‌ನಿಂದ, ಯಾವ ಪ್ರಮಾಣದಲ್ಲಿ, ಯಾರ ಮೇಲ್ವಿಚಾರಣೆಯಲ್ಲಿ ಮುದ್ರಿಕೆ ಸಿದ್ಧವಾಯಿತೆಂಬ ಮೂರು ವಿವರಗಳನ್ನು ಪ್ರಕಾಶಕರಿಂದ ಬರಹದಲ್ಲಿ ಕೇಳಿ ಪಡೆಯುವುದು ಯುಕ್ತ. ಕೇಳುವವರು ಹೆಚ್ಚಿದರೆ ಅದು ಹೊದಿಕೆಯ ಮೇಲೆಯೇ ಅಚ್ಚಾಗತೊಡಗುವುದು.