ಅಡುಗೆ ಆಯ್ತು, ಊಟ ಆಗಿಲ್ಲ

ಹೋದ ಸಂಚಿಕೆಯಲ್ಲಿ ಮಾತಿನ ಮಧ್ಯೆ, "ಎಡಬ್ಲ್ಯೂಎಕ್ಸ್ ಇನ್‌ಸ್ಟಾಲ್ ಮಾಡೋಕೆ ಇಪ್ಪತ್ತು ನಿಮಿಷ, ಅದರೊಳಗೆ ಹೋಗೋಕೆ ಅರ್ಧ ದಿನ" ಅಂತ ಹೇಳಿ ನಕ್ಕುಬಿಟ್ಟಿದ್ದೆ. ನಗುವ ವಿಷಯ ಅಷ್ಟೇ ಅಲ್ಲ ಅದು. ಇಲ್ಲಿ ವಿಮರ್ಶೆ ಮಾಡ್ತಿರೋದು ಆ ಸಾಫ್ಟ್‌ವೇರ್‌ನ ಇನ್‌ಸ್ಟಾಲೇಶನ್ ಕೈಪಿಡಿಯನ್ನು. ಕೈಪಿಡಿಯೂ ಒಂದು ಬರವಣಿಗೆ ತಾನೇ? ಅದಕ್ಕೂ ಓದುಗರಿದ್ದಾರೆ, ಅವರು ದಾರಿ ತಪ್ಪಬಹುದು.

ಗೊತ್ತಿಲ್ಲದವರಿಗೆ: ಆನ್ಸಿಬಲ್ ಅಂದರೆ ನೂರಾರು ಯಂತ್ರಗಳಿಗೆ ಒಂದೇ ಸಲ ಕೆಲಸ ಹೇಳುವ ಸಾಧನ. ಅದಕ್ಕೆ ವೆಬ್ ಪುಟ, ವೇಳಾಪಟ್ಟಿ, ಯಾರು ಏನು ಮಾಡಬಹುದು ಅನ್ನುವ ಹಕ್ಕುಗಳು ಸೇರಿದರೆ ಎಡಬ್ಲ್ಯೂಎಕ್ಸ್. 2015ರಲ್ಲಿ ಆನ್ಸಿಬಲ್ ಅನ್ನು ಕೊಂಡ ರೆಡ್ ಹ್ಯಾಟ್, 2017ರಲ್ಲಿ ಇದರ ಕೋಡನ್ನು ಎಲ್ಲರಿಗೂ ತೆರೆಯಿತು. 2021ರ 18ನೇ ಆವೃತ್ತಿಯಿಂದ ಇದನ್ನು ಕ್ಯೂಬರ್ನೆಟೀಸ್ ಕ್ಲಸ್ಟರ್ ಮೇಲೆ, 'ಆಪರೇಟರ್' ಮೂಲಕ ಹಾಕುವುದೇ ರೂಢಿ. ಆಪರೇಟರ್ ಅಂದರೆ ಕ್ಲಸ್ಟರ್ ಒಳಗೇ ಕೂತ ಮೇಸ್ತ್ರಿ. ನೀವು ನಾಲ್ಕೈದು ಸಾಲಿನ ಫೈಲ್ ಕೊಟ್ಟರೆ ಸಾಕು, ಡೇಟಾಬೇಸಿನಿಂದ ಹಿಡಿದು ವೆಬ್ ಪುಟದವರೆಗೆ ಅವನೇ ಕಟ್ಟುತ್ತಾನೆ.

ಇಲ್ಲಿಯವರೆಗೆ ಕೈಪಿಡಿ ನಿಜಕ್ಕೂ ಚೆನ್ನಾಗಿದೆ. ಪ್ರತಿ ಹೆಜ್ಜೆಗೂ ಒಂದು ಕಮಾಂಡ್, ಅದರ ಫಲ ಹೇಗೆ ಕಾಣಬೇಕು ಅನ್ನುವುದೂ ಪಕ್ಕದಲ್ಲೇ. ಕೊನೆಗೆ ಅಭಿನಂದನೆ ಬೇರೆ! ಪಾಡ್‌ಗಳೆಲ್ಲ 'ರನ್ನಿಂಗ್'. ಅಡುಗೆ ಆಯ್ತು.

ಆದರೆ ಊಟ? ನಮ್ಮಮ್ಮ ಫೋನ್‌ನಲ್ಲಿ "ಅಡುಗೆ ಆಯ್ತಾ" ಅಂತಲೂ ಕೇಳ್ತಾರೆ, "ಊಟ ಆಯ್ತಾ" ಅಂತಲೂ ಕೇಳ್ತಾರೆ. ಎರಡೂ ಬೇರೆ ಬೇರೆ ಪ್ರಶ್ನೆ. ಕೈಪಿಡಿ ಮೊದಲನೆಯದಕ್ಕೆ ಮಾತ್ರ ಮನಸ್ಸಿಟ್ಟು ಉತ್ತರ ಕೊಡುತ್ತದೆ. ಒಳಗೆ ಹೋಗಲು ಅದು ಕೊಡುವ ಕಮಾಂಡ್ ಮಿನಿಕ್ಯೂಬ್‌ನದು, ಅಂದರೆ ನಿಮ್ಮ ಲ್ಯಾಪ್‌ಟಾಪಿನ ಪುಟ್ಟ ಕ್ಲಸ್ಟರಿನದು. ಬಾಡಿಗೆ ಸರ್ವರ್‌ಗಳ ಮೇಲೆ ಕ್ಲಸ್ಟರ್ ಇಟ್ಟವನಿಗೆ ಆ ಸಾಲು ಉಪಯೋಗಕ್ಕೆ ಬರಲ್ಲ.

ಮ್ಯೂನಿಕ್‌ನಲ್ಲಿ ಒಂದು ಶುಕ್ರವಾರ ಸಂಜೆ ನಾನು ಅಲ್ಲೇ ಸಿಕ್ಕಿಬಿದ್ದೆ. ಡೇಟಾ ಸೈನ್ಸ್ ನನ್ನ ಕೆಲಸ, ನೆಟ್‌ವರ್ಕ್ ಅಲ್ಲ. ಸರ್ವಿಸ್ 'ಕ್ಲಸ್ಟರ್‌ಐಪಿ' ಬಗೆಯದು, ಕ್ಲಸ್ಟರಿನ ಒಳಗಿನವರಿಗೆ ಮಾತ್ರ ಕಾಣುವಂಥದ್ದು. ಅದನ್ನು 'ನೋಡ್‌ಪೋರ್ಟ್' ಮಾಡಿದೆ. 30000ರಿಂದ 32767ರ ನಡುವಿನ ಒಂದು ಪೋರ್ಟ್ ಪ್ರತಿ ಯಂತ್ರದ ಮೇಲೂ ತೆರೆಯಿತು. ಫೈರ್‌ವಾಲ್ ಅಡ್ಡ ಬಂತು, ಅದನ್ನೂ ಎಲ್ಲರಿಗೂ ತೆರೆದೆ. ಪುಟ ಬಂತು! ಖುಷಿಯಲ್ಲಿ ಮನೆಗೆ ಹೋದೆ. ಸೋಮವಾರ ಸಹೋದ್ಯೋಗಿಯೊಬ್ಬಳು ನೋಡಿ, ಏನೂ ಬೈಯದೆ, ಒಂದೇ ಮಾತು ಕೇಳಿದಳು: ಇದರೊಳಗೆ ಏನೇನಿದೆ ಗೊತ್ತಾ?

ನಮ್ಮ ಅಷ್ಟೂ ಯಂತ್ರಗಳ ಎಸ್‌ಎಸ್‌ಎಚ್ ಕೀಲಿಗಳು ಅದರೊಳಗಿದ್ದವು. ಆಟೊಮೇಶನ್ ವೇದಿಕೆ ಅಂದರೆ ಬೀಗದ ಕೈ ಗೊಂಚಲು. ಅದಕ್ಕೆ ನಾನು ಬೀದಿಗೆ ಬಾಗಿಲು ಇಟ್ಟಿದ್ದೆ, ಅದೂ ಎಚ್‌ಟಿಟಿಪಿಎಸ್ ಇಲ್ಲದೆ. ಎರಡೂವರೆ ದಿನ ಲಾಗಿನ್ ಪುಟ ಜಗತ್ತಿಗೆಲ್ಲ ಕಾಣುತ್ತಿತ್ತು. ಲಾಗ್‌ಗಳಲ್ಲಿ ಯಾರೂ ಒಳಗೆ ಬಂದ ಗುರುತು ಸಿಗಲಿಲ್ಲ. ಆದರೂ ಅಷ್ಟೂ ಕೀಲಿಗಳನ್ನು ಬದಲಾಯಿಸಿದೆವು, ನಾಲ್ಕು ದಿನ ಹಿಡಿಯಿತು.

ತಪ್ಪು ನನ್ನದೇ. ಸರ್ವಿಸ್ ಮುಚ್ಚಿದ್ದೂ ಸರಿಯಾಗಿಯೇ ಇತ್ತು. ನನ್ನ ತಕರಾರು ಬೇರೆ: ಮುಚ್ಚಿದ ಬಾಗಿಲಿನ ಮುಂದೆ ನಿಂತವನಿಗೆ ಸರಿಯಾದ ದಾರಿ ಅಲ್ಲೇ ಕಾಣದಿದ್ದರೆ, ಅವನು ಗೋಡೆ ಒಡೀತಾನೆ. ಸರಿಯಾದ ದಾರಿ ಒಂದೇ ಸಾಲಿನದು: ಕ್ಯೂಬ್‌ಸಿಟಿಎಲ್‌ನ 'ಪೋರ್ಟ್-ಫಾರ್ವರ್ಡ್'. ಸರ್ವಿಸಿನ 80ನೇ ಪೋರ್ಟನ್ನು ನಿಮ್ಮ ಲ್ಯಾಪ್‌ಟಾಪಿನ 8080ಕ್ಕೆ ತಂದುಕೊಂಡು ಬ್ರೌಸರ್‌ನಲ್ಲಿ ಲೋಕಲ್‌ಹೋಸ್ಟ್ ತೆರೆದರಾಯ್ತು. ಕ್ಲಸ್ಟರಿನ ಅನುಮತಿ ಇದ್ದವರಿಗೆ ಮಾತ್ರ ಅದು ಸಿಗುತ್ತದೆ. ಟರ್ಮಿನಲ್ ಮುಚ್ಚಿದರೆ ದಾರಿಯೂ ಮುಚ್ಚುತ್ತದೆ. ತಂಡಕ್ಕೆಲ್ಲ ಬೇಕಾದಾಗ ಇನ್‌ಗ್ರೆಸ್, ಪ್ರಮಾಣಪತ್ರ ಇತ್ಯಾದಿ ನಿಧಾನವಾಗಿ ಮಾಡಿಕೊಳ್ಳಬಹುದು.

ಪಾಸ್‌ವರ್ಡ್ ವಿಷಯದಲ್ಲಿ ಕೈಪಿಡಿಗೆ ಅರ್ಧ ಅಂಕ. ಬಳಕೆದಾರ 'ಅಡ್ಮಿನ್', ಪಾಸ್‌ವರ್ಡ್ ಅನ್ನು ಆಪರೇಟರೇ ಹುಟ್ಟಿಸಿ ಒಂದು 'ಸೀಕ್ರೆಟ್'ನಲ್ಲಿ ಇಡುತ್ತದೆ. ಅದರ ಹೆಸರು, ನೀವು ಕೊಟ್ಟ ಹೆಸರಿನ ಮುಂದೆ 'ಅಡ್ಮಿನ್-ಪಾಸ್‌ವರ್ಡ್' ಅಂತ. ಅದನ್ನು ತೆಗೆದು ಬೇಸ್64 ಬಿಡಿಸುವ ಕಮಾಂಡಿನ ಕೊನೆಗೆ ಒಂದು 'ಎಕೋ' ಇದೆ. ಅದಿಲ್ಲದಿದ್ದರೆ ಪಾಸ್‌ವರ್ಡಿಗೆ ಟರ್ಮಿನಲ್ಲಿನ ಮುಂದಿನ ಸಾಲು ಅಂಟಿಕೊಂಡು, ಎಲ್ಲಿಯವರೆಗೆ ಕಾಪಿ ಮಾಡಬೇಕು ಅಂತ ಪರದಾಡಬೇಕಿತ್ತು. ಓದುಗನ ಬಗ್ಗೆ ಯಾರೋ ಯೋಚಿಸಿ ಬರೆದ ಸಾಲು ಅದು, ನನಗೆ ತುಂಬಾ ಇಷ್ಟ. ಆದರೆ ಬೇಸ್64 ಗೂಢಲಿಪಿ ಅಲ್ಲ, ಬರೀ ವೇಷ. ಆ ಸೀಕ್ರೆಟ್ ಓದುವ ಹಕ್ಕಿದ್ದವರಿಗೆಲ್ಲ ಪಾಸ್‌ವರ್ಡ್ ಸಿಗುತ್ತದೆ. 'ಸೀಕ್ರೆಟ್' ಅನ್ನೋ ಹೆಸರು ನೋಡಿ ನಾನು ನೆಮ್ಮದಿಯಾಗಿದ್ದೆ. ಹೆಸರಿಟ್ಟಿದ್ದು ಕ್ಯೂಬರ್ನೆಟೀಸ್, ಆ ಬೈಗುಳ ಈ ಕೈಪಿಡಿಗೆ ಸೇರಲ್ಲ ಬಿಡಿ.

ಈಗ ನಮ್ಮ ತಂಡಕ್ಕೆ ಸ್ವಂತದ್ದೊಂದು ಪುಟ ಬರೆದಿಟ್ಟಿದ್ದೇನೆ. ಪೋರ್ಟ್-ಫಾರ್ವರ್ಡ್ ಸಾಲು ಅದರಲ್ಲಿ ಮೊದಲನೆಯದು, ಇನ್‌ಸ್ಟಾಲೇಶನ್‌ಗಿಂತಲೂ ಮೇಲೆ. ಅಲ್ಲಿ ಯಾಕಿದೆ ಅಂತ ಹೊಸಬರು ಕೇಳಿದರೆ ಆ ಸಹೋದ್ಯೋಗಿ ನನ್ನ ಕಡೆ ಕೈ ತೋರಿಸ್ತಾಳೆ.