ಅಳತೆಗೋಲು ಬದಲಾದಾಗ

ಬೈಂದೂರಿನ ಯಡ್ತರೆಯಂತಹ ಊರುಗಳಲ್ಲಿ ಹೆಣ್ಣುಮಕ್ಕಳ ಓಟವು ಶಾಲೆಯ ಮೈದಾನದಲ್ಲೇ ಮುಗಿಯಬೇಕಾದುದಲ್ಲ. ಕುಂದಾಪುರ ಸೀಮೆಯ ಅಶ್ವಿನಿ ಅಕ್ಕುಂಜಿ 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಚಿನ್ನ ಗೆದ್ದುದು ಇದಕ್ಕೆ ಸಾಕ್ಷಿ. ಆದರೆ ಅಂತಹ ಎತ್ತರಕ್ಕೇರುವ ಹುಡುಗಿ ಇನ್ನು ಮುಂದೆ ಹೊಸದೊಂದು ಬಾಗಿಲನ್ನು ದಾಟಬೇಕು. 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆಯ ನಿಯಮದಂತೆ, ವಿಶ್ವ ಶ್ರೇಯಾಂಕದ ಸ್ಪರ್ಧೆಗಳ ಮಹಿಳಾ ವಿಭಾಗದಲ್ಲಿ ಓಡುವವರು ಜೀವನದಲ್ಲೊಮ್ಮೆ ಎಸ್‌ಆರ್‌ವೈ ಎಂಬ ವಂಶವಾಹಿಯ ಪರೀಕ್ಷೆಗೆ ಒಳಗಾಗಬೇಕು.

ಈ ನಿಯಮದ ಉದ್ದೇಶವನ್ನು ಅಲ್ಲಗಳೆಯಲಾಗದು. ಗಂಡಿನ ಪ್ರಾಯದಲ್ಲಿ ಟೆಸ್ಟೊಸ್ಟೆರಾನ್ ಸ್ನಾಯುವಿಗೂ ಎಲುಬಿಗೂ ಕೊಡುವ ಬಲದಿಂದ, ಉನ್ನತ ಮಟ್ಟದ ಓಟದಲ್ಲಿ ಶೇಕಡಾ 10ರಷ್ಟು ಅಂತರ ಉಂಟಾಗುತ್ತದೆ. ಪ್ರತ್ಯೇಕ ವಿಭಾಗವಿಲ್ಲದಿದ್ದರೆ ಹೆಣ್ಣುಮಕ್ಕಳಿಗೆ ಪದಕವೇ ದೊರೆಯಲಾರದು. ಆದುದರಿಂದ ಗಡಿ ಬೇಕು. ಪ್ರಶ್ನೆಯಿರುವುದು ಗಡಿ ಹಾಕುವವರ ಹೊಣೆಗಾರಿಕೆಯ ಕುರಿತು.

ಅಳತೆಗೋಲು ಎಷ್ಟು ಬಾರಿ ಬದಲಾಗಿದೆ ಎಂಬುದನ್ನು ನೋಡಬೇಕು. 1968ರಲ್ಲಿ ಒಲಿಂಪಿಕ್ಸ್ ವರ್ಣತಂತು ಪರೀಕ್ಷೆಯನ್ನು ತಂದಿತು. 1996ರ ಅಟ್ಲಾಂಟಾದಲ್ಲಿ 3,387 ಮಹಿಳೆಯರ ಪೈಕಿ 8 ಮಂದಿಯ ಫಲಿತಾಂಶ ಭಿನ್ನವಾಗಿ ಬಂತು. ಎಲ್ಲರಿಗೂ ಸ್ಪರ್ಧಿಸಲು ಅನುಮತಿ ದೊರೆಯಿತು. 1999ರಲ್ಲಿ ಪರೀಕ್ಷೆಯನ್ನೇ ಕೈಬಿಡಲಾಯಿತು. ಬಳಿಕ ಅಥ್ಲೆಟಿಕ್ಸ್ ಸಂಸ್ಥೆಯು ಟೆಸ್ಟೊಸ್ಟೆರಾನ್ ಮಿತಿಯನ್ನು 2011ರಲ್ಲಿ ಲೀಟರಿಗೆ 10 ನ್ಯಾನೊಮೋಲ್, 2018ರಲ್ಲಿ ಕೆಲವು ಓಟಗಳಿಗೆ 5, 2023ರಲ್ಲಿ ಎಲ್ಲ ಸ್ಪರ್ಧೆಗಳಿಗೆ 2.5 ಎಂದು ನಿಗದಿಗೊಳಿಸಿತು. ಈಗ ಮತ್ತೆ ವಂಶವಾಹಿ. ಆ ವಂಶವಾಹಿಯನ್ನು 1990ರಲ್ಲಿ ಗುರುತಿಸಿದ ವಿಜ್ಞಾನಿ ಆ್ಯಂಡ್ರ್ಯೂ ಸಿಂಕ್ಲೇರ್ ಅವರೇ ಈ ಬಳಕೆಯನ್ನು ಒಪ್ಪಿಲ್ಲ. ವಂಶವಾಹಿ ಇದೆಯೆಂದು ಪರೀಕ್ಷೆ ಹೇಳಬಲ್ಲುದು. ದೇಹವು ಆ ಹಾರ್ಮೋನನ್ನು ಬಳಸಿಕೊಳ್ಳುತ್ತಿದೆಯೇ ಎಂದು ಹೇಳಲಾರದು.

ಈ ಬದಲಾವಣೆಗಳ ಬೆಲೆಯನ್ನು ತೆತ್ತವರು ಓಟಗಾರ್ತಿಯರು. ತಮಿಳುನಾಡಿನ ಶಾಂತಿ ಸೌಂದರರಾಜನ್ 2006ರ ದೋಹಾ ಏಷ್ಯನ್ ಕ್ರೀಡಾಕೂಟದ 800 ಮೀಟರ್ ಬೆಳ್ಳಿಯನ್ನು ಕಳೆದುಕೊಂಡರು. ಅವರ ದೇಹದ ವಿಚಾರ ಊರೂರಿನ ಮಾತಾಯಿತು. ಒಡಿಶಾದ ದ್ಯುತಿ ಚಾಂದ್ ಅವರನ್ನು 2014ರಲ್ಲಿ ಗ್ಲಾಸ್ಗೊ ಕ್ರೀಡಾಕೂಟದ ತಂಡದಿಂದ ಕೈಬಿಡಲಾಯಿತು. ಅವರು ಕ್ರೀಡಾ ನ್ಯಾಯಮಂಡಳಿಯ ಮೊರೆಹೋದರು. ಸಾಕಷ್ಟು ಪುರಾವೆಯಿಲ್ಲವೆಂದು 2015ರಲ್ಲಿ ಮಂಡಳಿಯು ನಿಯಮವನ್ನು ಅಮಾನತಿನಲ್ಲಿಟ್ಟಿತು. 2018ರಲ್ಲಿ ಜಕಾರ್ತಾದಲ್ಲಿ ದ್ಯುತಿ ಎರಡು ಬೆಳ್ಳಿ ಗೆದ್ದರು. ಆ ನಿಯಮವೇ ನಿಂತಿದ್ದರೆ ಈ ಪದಕಗಳಿರುತ್ತಿದ್ದವೇ?

ಅಂಗಡಿಯಲ್ಲಿ ಹಳೆಯ ಸೇರು ತಪ್ಪೆಂದು ತಿಳಿದ ವ್ಯಾಪಾರಿ ಹೊಸ ಸೇರನ್ನು ತಂದಿಟ್ಟರಷ್ಟೇ ಸಾಲದು. ಹಳೆಯದರಿಂದ ನಷ್ಟಕ್ಕೊಳಗಾದವರ ಲೆಕ್ಕವನ್ನೂ ಚುಕ್ತಾ ಮಾಡಬೇಕು. ಕ್ರೀಡಾಸಂಸ್ಥೆಗಳು ಸೇರನ್ನು ಮತ್ತೆ ಮತ್ತೆ ಬದಲಿಸಿದವು, ಲೆಕ್ಕದ ಪುಸ್ತಕವನ್ನು ಮಾತ್ರ ತೆರೆಯಲಿಲ್ಲ. ಗೆದ್ದವಳಿಗೆ ನ್ಯಾಯ ಬೇಕು, ಎರಡನೆಯವಳಿಗೂ ಬೇಕು, ಹೊರಗುಳಿದವಳಿಗೂ ಬೇಕು. ಮೂರನೆಯದನ್ನು ಮರೆತ ನ್ಯಾಯ ಅರೆ ತೂಕದ್ದು.

ಹೆಣ್ಣುಮಕ್ಕಳ ಕ್ರೀಡೆಗೆ ನೆರವಾಗುವ ಕುಟುಂಬಗಳೂ ಬಸದಿಯ ಆಡಳಿತ ಮಂಡಳಿಗಳೂ ಇದರಿಂದ ಕಲಿಯಬೇಕಾದುದಿದೆ. ಪರೀಕ್ಷೆಯ ಮೊದಲು ಬಲ್ಲ ವೈದ್ಯರಿಂದ ತಿಳಿವಳಿಕೆ ಕೊಡಿಸಬೇಕು. ಫಲಿತಾಂಶವು ಹುಡುಗಿ ಮತ್ತು ತಂದೆತಾಯಿಗಳ ಕೈಯಲ್ಲಷ್ಟೇ ಇರಬೇಕು. ಓಡಲಾಗದಿದ್ದರೂ ಓದಿಗೆ ಕೊಟ್ಟ ನೆರವು ನಿಲ್ಲಬಾರದು. ಪದಕದ ಆಸೆಯಿಂದ ಮೈದಾನಕ್ಕಿಳಿಸಿದ ಮಗಳ ಮಾನವನ್ನು ಕಾಯುವುದು, ಪದಕಕ್ಕಿಂತ ಮೊದಲು ತೀರಿಸಬೇಕಾದ ಋಣ.