ದೇವರಾಯಸಮುದ್ರದ ಕಡೆಯಿಂದ ಮನೋವಿಜ್ಞಾನದ ಮೊದಲ ವರ್ಷ

ಪದವಿಯಲ್ಲಿ ಸೈಕಾಲಜಿ ಓದುವವರ ಪ್ರಾಕ್ಟಿಕಲ್ ರೆಕಾರ್ಡುಗಳು ಯಾವ ಕಾಲೇಜಿನವಾದರೂ ಒಂದೇ ಕೈ ಬರೆದಂತೆ ಕಾಣುತ್ತವೆ. ಸಮಸ್ಯೆ, ಯೋಜನೆ, ಸಾಮಗ್ರಿ, ವಿಧಾನ, ಸೂಚನೆ, ಎಚ್ಚರಿಕೆ, ಫಲಿತಾಂಶ, ಚರ್ಚೆ ಎಂದು ಇಂಗ್ಲಿಷಿನಲ್ಲಿ ತಲೆಬರಹಗಳು. ಪ್ರಯೋಗ ಮಾಡುವವರು 'ಇ', ಪ್ರಯೋಗಕ್ಕೆ ಕೂತವರು 'ಎಸ್'. ಬಾಣದ ತುದಿ ಒಳಗೆ ಮಡಚಿದರೆ ಗೆರೆ ಗಿಡ್ಡ, ಹೊರಗೆ ಚಾಚಿದರೆ ಉದ್ದ ಎನಿಸುವ ಮುಲ್ಲರ್-ಲೈಯರ್ ಭ್ರಮೆ ಒಂದು ಪ್ರಯೋಗ. ಕನ್ನಡಿಯಲ್ಲಿ ಮಾತ್ರ ನೋಡುತ್ತ ನಕ್ಷತ್ರದ ಅಂಚಿನ ಮೇಲೆ ಪೆನ್ಸಿಲ್ ಓಡಿಸುವುದು ಇನ್ನೊಂದು. ಈ ಎರಡನೆಯದನ್ನು ಮಾಡುವಾಗ ಲ್ಯಾಬಿನಲ್ಲಿ ನಗು ತಡೆಯಲಾಗುವುದಿಲ್ಲ, ಕೈ ಹೇಳಿದ ಮಾತು ಕೇಳುವುದಿಲ್ಲ, ಎಲ್ಲರೂ ಇನ್ನೊಂದು ಸಲ ಕೊಡಿ ಎನ್ನುತ್ತಾರೆ. ಆದರೆ ರೆಕಾರ್ಡಿನ 'ಚರ್ಚೆ' ಎಂಬ ಭಾಗಕ್ಕೆ ಬಂದರೆ ಆ ನಗುವಿನ ಸುಳಿವೇ ಇರುವುದಿಲ್ಲ. ಅಲ್ಲಿರುವ ನಾಲ್ಕು ಸಾಲು ಹಿಂದಿನ ಬ್ಯಾಚಿನ ರೆಕಾರ್ಡಿನಿಂದ ಇಳಿದು ಬಂದದ್ದು, ಅದಕ್ಕೂ ಹಿಂದಿನ ಬ್ಯಾಚಿನಿಂದ ಅದು ಅಲ್ಲಿಗೆ ಬಂದದ್ದು.

ನಮ್ಮ ಮನೋವಿಜ್ಞಾನ ಪದವಿಯ ಮೊದಲ ವರ್ಷದ ಬಗ್ಗೆ ನನ್ನ ತಕರಾರು ಇಲ್ಲಿಂದಲೇ ಶುರುವಾಗುತ್ತದೆ. ಆ ವರ್ಷವನ್ನು ಎಲ್ಲರೂ ಬುನಾದಿ ಎನ್ನುತ್ತಾರೆ. ಕರ್ನಾಟಕದಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ಬಂದಾಗ ಮೊದಲ ಸೆಮಿಸ್ಟರಿನ ಪತ್ರಿಕೆಯ ಹೆಸರಿಗೇ ಬುನಾದಿ ಸೇರಿತ್ತು. ಆದರೆ ಯಾವ ನೆಲದ ಮೇಲೆ ಬುನಾದಿ ಹಾಕುತ್ತಿದ್ದೇವೆ ಎಂದು ಆ ವರ್ಷ ಕೇಳಿಕೊಳ್ಳುವುದೇ ಇಲ್ಲ.

ಕೋಲಾರದಿಂದ ಮುಳಬಾಗಿಲಿಗೆ ಹೋಗುವ ಚೆನ್ನೈ ಹೆದ್ದಾರಿಯಲ್ಲಿ, ಬೋಳು ಬಂಡೆಯ ಬೆಟ್ಟಗಳ ಪಕ್ಕದಲ್ಲಿರುವ ಊರು ದೇವರಾಯಸಮುದ್ರ. ಅಲ್ಲಿಂದ ಕಾಲೇಜಿಗೆ ಹೊರಡುವ ಹುಡುಗಿಯನ್ನು ಎದುರಿಗಿಟ್ಟುಕೊಂಡು ಈ ಪದವಿಯನ್ನು ನೋಡಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ ಚಾರ್ಜಿನ ಮಾತು ಮನೆಯಲ್ಲಿ ಏಳುವುದಿಲ್ಲ. ಹಾಗಾಗಿ ಕೋಲಾರದಲ್ಲಿ ಇರುವ ವಿಷಯವನ್ನು ಊರಿಂದಲೇ ಓಡಾಡಿ ಓದಬಹುದು. ಈ ಸೀಮೆಯ ಬಹಳಷ್ಟು ಮನೆಗಳಲ್ಲಿ ಆಡುವುದು ತೆಲುಗು. ಶಾಲೆಯಲ್ಲಿ ಕಲಿತದ್ದು ಕನ್ನಡ. ಹೆದ್ದಾರಿಯ ಹೋಟೆಲು, ಅಂಗಡಿಗಳಲ್ಲಿ ಉರ್ದು, ತಮಿಳು ಕಿವಿಗೆ ಬಿದ್ದಿರುತ್ತವೆ. ಮೂರು ನಾಲ್ಕು ಭಾಷೆಗಳ ನಡುವೆ ದಿನವೂ ಓಡಾಡುವ ಮನಸ್ಸು ಅದು. ಮನೋವಿಜ್ಞಾನಕ್ಕೆ ಇದಕ್ಕಿಂತ ಒಳ್ಳೆಯ ಬಂಡವಾಳ ಬೇಕೆ? ಆದರೆ ತರಗತಿಯಲ್ಲಿ ಆಕೆಗೆ ಮೊದಲು ತಿಳಿಯುವುದು ತನಗೆ ಇಂಗ್ಲಿಷ್ ಸಾಲದು ಎಂಬ ಒಂದೇ ಸಂಗತಿ.

ಒಂದು ಪ್ರಯೋಗವನ್ನು ಹತ್ತಿರದಿಂದ ನೋಡೋಣ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿ ನೆನಪಿನ ಬಗ್ಗೆ ಪುಸ್ತಕ ಬರೆದ. ಅರ್ಥವಿರುವ ಪದಗಳನ್ನು ಕೊಟ್ಟರೆ ಒಬ್ಬೊಬ್ಬರಿಗೆ ಒಂದೊಂದು ಹಳೆಯ ನೆನಪು ತಗುಲಿಕೊಳ್ಳುತ್ತದೆ. ಅದನ್ನು ತಪ್ಪಿಸಲು ಅವನು ಅರ್ಥವಿಲ್ಲದ ತುಣುಕುಗಳನ್ನು ಕಟ್ಟಿದ. ಒಂದು ವ್ಯಂಜನ, ನಡುವೆ ಒಂದು ಸ್ವರ, ಮತ್ತೆ ಒಂದು ವ್ಯಂಜನ. ಅವನ್ನು ತನ್ನ ಮೇಲೆಯೇ ಪ್ರಯೋಗಿಸಿ, ಎಷ್ಟು ಬೇಗ ಮರೆಯುತ್ತೇವೆ ಎಂದು ಅಳೆದ. ಆ ಪ್ರಯೋಗದ ರೂಪಾಂತರಗಳು ಇಂದಿಗೂ ನಮ್ಮ ಲ್ಯಾಬುಗಳಲ್ಲಿವೆ, ತುಣುಕುಗಳು ಇಂದಿಗೂ ರೋಮನ್ ಲಿಪಿಯಲ್ಲೇ ಇವೆ. ಕನ್ನಡ ಮಾಧ್ಯಮದಿಂದ ಬಂದ ಹುಡುಗಿ 'ಝೆಕ್' ಎಂಬಂಥ ತುಣುಕನ್ನು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಾಳೆ. ಪಕ್ಕದಲ್ಲಿ ಕೂತ ಇಂಗ್ಲಿಷ್ ಮಾಧ್ಯಮದ ಹುಡುಗ ಅದನ್ನು ಒಂದೇ ಉಸಿರಿಗೆ ಓದುತ್ತಾನೆ. ಅವನ ಅಂಕ ಹೆಚ್ಚು, ಇವಳ ಅಂಕ ಕಡಿಮೆ. ಅಳೆದದ್ದು ನೆನಪನ್ನೋ, ರೋಮನ್ ಲಿಪಿಯ ರೂಢಿಯನ್ನೋ? ರೆಕಾರ್ಡಿನ ಚರ್ಚೆಯಲ್ಲಿ ಈ ಪ್ರಶ್ನೆ ಬರುವುದಿಲ್ಲ. 'ವ್ಯಕ್ತಿ ವ್ಯಕ್ತಿಗಳ ನಡುವೆ ವ್ಯತ್ಯಾಸಗಳಿವೆ' ಎಂಬ ಸಾಲಿನೊಂದಿಗೆ ಪ್ರಯೋಗ ಮುಗಿಯುತ್ತದೆ.

ಹಾಗಾದರೆ ಕನ್ನಡದಲ್ಲೇ ತುಣುಕು ಕಟ್ಟಿದರಾಯಿತು ಎನ್ನಬಹುದು. ಕಟ್ಟಲು ಕೂತಾಗಲೇ ಪಾಠ ಶುರು. ನಮ್ಮ ಅಕ್ಷರದಲ್ಲಿ ಸ್ವರ ಒಳಗೇ ಸೇರಿದೆ. ಕನ್ನಡಕ್ಕೂ ತೆಲುಗಿಗೂ ಪದದ ಕೊನೆಯಲ್ಲಿ ಸ್ವರ ಬೇಕು, ಬಸ್ಸನ್ನು ಬಸ್ಸು ಮಾಡದೆ ನಾಲಗೆ ಬಿಡುವುದಿಲ್ಲ. ಎಬ್ಬಿಂಗ್‌ಹೌಸನ ಅಚ್ಚು ಇಲ್ಲಿಗೆ ಹೊಂದುವುದಿಲ್ಲ, ಎರಡಕ್ಷರದ ತುಣುಕು ಮಾಡಬೇಕು. ಸರಿ, 'ಚೇಪ' ಎಂದು ಬರೆದಿರಿ. ಧಾರವಾಡದಲ್ಲಿ ಅದಕ್ಕೆ ಅರ್ಥವಿಲ್ಲ, ಮುಳಬಾಗಿಲಿನಲ್ಲಿ ಅದು ಮೀನು. 'ಪಿಲ್ಲಿ' ಎಂದು ಬರೆದಿರಿ, ಅರ್ಧ ತರಗತಿಗೆ ಬೆಕ್ಕು ನೆನಪಾಯಿತು. ಹಾಗಾಗಿ ಪಟ್ಟಿಯನ್ನು ತೆಲುಗಿನವರಿಗೊಮ್ಮೆ, ಉರ್ದುವಿನವರಿಗೊಮ್ಮೆ, ತಮಿಳಿನವರಿಗೊಮ್ಮೆ ತೋರಿಸಿ, ಯಾರಿಗೂ ಏನೂ ಹೊಳೆಯದ ತುಣುಕುಗಳನ್ನಷ್ಟೇ ಉಳಿಸಿಕೊಳ್ಳಬೇಕು. ಇದಕ್ಕೆ ಎರಡು ಮೂರು ತರಗತಿ ಹಿಡಿಯಬಹುದು. ಆದರೆ ಚರಾಂಶಗಳ ನಿಯಂತ್ರಣ ಎಂದು ಪುಸ್ತಕ ಅರ್ಧ ಪುಟದಲ್ಲಿ ಹೇಳಿ ಮುಗಿಸುವುದು ಆ ಹೊತ್ತಿಗೆ ಪ್ರತಿಯೊಬ್ಬರ ಕೈಗೂ ಬಂದಿರುತ್ತದೆ. ದೇವರಾಯಸಮುದ್ರದ ಹುಡುಗಿ ಅಲ್ಲಿ ಹಿಂದುಳಿದವಳಾಗಿ ಕೂರುವುದಿಲ್ಲ, ಪಟ್ಟಿಯಲ್ಲಿನ ದೋಷ ಹಿಡಿಯುವವಳು ಅವಳೇ. ಬುನಾದಿ ವರ್ಷ ಎಂದರೆ ನನ್ನ ಮಟ್ಟಿಗೆ ಇದು.

ಲೆಕ್ಕದ ವಿಷಯಕ್ಕೆ ಬರೋಣ. ಸೈಕಾಲಜಿ ಎಂದರೆ ಮಾತು, ಕೌನ್ಸೆಲಿಂಗ್ ಎಂದುಕೊಂಡು ಸೇರಿದವರಿಗೆ ಸಂಖ್ಯಾಶಾಸ್ತ್ರ ಎದುರಾದಾಗ ಎದೆ ಧಸಕ್ಕೆನ್ನುತ್ತದೆ. ಕಲಾ ವಿಭಾಗದಿಂದ ಬಂದ ಬಹಳ ಮಂದಿ ಗಣಿತವನ್ನು ಎಸ್ಸೆಸ್ಸೆಲ್ಸಿಗೇ ಬಿಟ್ಟಿರುತ್ತಾರೆ. ಅವರಿಗೆ ಸರಾಸರಿ, ಮಾನಕ ವಿಚಲನೆಗಳ ಸೂತ್ರ ಕೊಟ್ಟು, ಯಾವುದೋ ಊರಿನ ಯಾರದೋ ಅಂಕಗಳನ್ನು ಕೊಟ್ಟು ಲೆಕ್ಕ ಮಾಡಿ ಎನ್ನುತ್ತೇವೆ. ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಹರಾಜಾಗುವುದು 15 ಕಿಲೋ ಬಾಕ್ಸಿನ ಲೆಕ್ಕದಲ್ಲಿ. 2023ರ ಜುಲೈನಲ್ಲಿ ಒಂದು ಬಾಕ್ಸು 2,000 ರೂಪಾಯಿ ದಾಟಿತ್ತು. ಕೊಯ್ಲಿನ ಕೂಲಿಯೂ ಹುಟ್ಟದೆ ಹಣ್ಣನ್ನು ರಸ್ತೆ ಬದಿಗೆ ಸುರಿದ ದಿನಗಳನ್ನೂ ಇದೇ ಸೀಮೆ ಕಂಡಿದೆ. ಈ ದರಗಳ ಸರಾಸರಿ ತೆಗೆದರೆ ಬದುಕು ಸಲೀಸೆಂಬಂತೆ ತೋರುತ್ತದೆ, ವಿಚಲನೆ ತೆಗೆದಾಗ ನಿದ್ದೆ ಯಾಕೆ ಬರುವುದಿಲ್ಲ ಎಂದು ಗೊತ್ತಾಗುತ್ತದೆ. ಅಲ್ಲಿಂದ ಮುಂದಿನ ಪಾಠಕ್ಕೆ ದಾರಿ ತಾನೇ ತೆರೆಯುತ್ತದೆ. ಯಾವಾಗ ಸಿಗುತ್ತದೆಂದು ಗೊತ್ತಿಲ್ಲದ ಪ್ರತಿಫಲಕ್ಕಾಗಿ ಪ್ರಾಣಿ ಬಿಡದೆ ಪ್ರಯತ್ನಿಸುತ್ತದೆ ಎಂದು ಸ್ಕಿನ್ನರ್ ಪಾರಿವಾಳ, ಇಲಿಗಳ ಮೇಲೆ ತೋರಿಸಿದ. ಮತ್ತೆ ಮತ್ತೆ ಟೊಮೆಟೊ ಇಡುವ ರೈತನಿಗೆ ಅದು ಅನ್ವಯಿಸುತ್ತದೆಯೇ? ಸ್ವಲ್ಪ ಮಟ್ಟಿಗೆ ಹೌದು. ಆದರೆ ಕೊಳವೆಬಾವಿಗೆ ಮಾಡಿದ ಸಾಲ ತೀರಬೇಕಲ್ಲ, ಬೇರೆ ಬೆಳೆಗೆ ಮಾರುಕಟ್ಟೆ ಇರಬೇಕಲ್ಲ. ಎಲ್ಲವನ್ನೂ ಮನಸ್ಸಿನ ತಲೆಗೆ ಕಟ್ಟಬಾರದು ಎಂಬ ವಿವೇಕವನ್ನು ಈ ವಾದ ಮೊದಲ ವರ್ಷದಲ್ಲೇ ಕಲಿಸಬಲ್ಲದು. ತಂದೆಯ ಜೊತೆ ಹರಾಜಿಗೆ ಹೋಗಿ ಬಂದವರಿಗೆ ಆ ವಾದ ಮಾಡುವ ಅಧಿಕಾರವೂ ಇದೆ.

ಇತಿಹಾಸದ ಅಧ್ಯಾಯವಂತೂ ನನಗೆ ನಿಜವಾಗಿ ನೋವು ಕೊಡುತ್ತದೆ. 1879, ಲೈಪ್‌ಜಿಗ್, ವಿಲ್‌ಹೆಲ್ಮ್ ವುಂಟ್ ಎಂಬುದನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ 1916ರಲ್ಲಿ ಶುರುವಾದ ವಿಭಾಗದ ನಂತರ, ದೇಶದ ಮೊದಮೊದಲ ಮನೋವಿಜ್ಞಾನ ವಿಭಾಗಗಳಲ್ಲೊಂದು 1924ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಹುಟ್ಟಿತು ಎಂಬುದನ್ನು ಹೇಳುವವರು ವಿರಳ. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿ ಲಂಡನ್ನಿನಲ್ಲಿ ಸ್ಪಿಯರ್‌ಮನ್ ಬಳಿ ಓದಿ ಬಂದವರು. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಆಕಾಶವಾಣಿ ಎಂಬ ಹೆಸರಿನಲ್ಲಿ ರೇಡಿಯೊ ಶುರು ಮಾಡಿದವರೂ ಅವರೇ. ಮನಸ್ಸಿನ ಶಾಸ್ತ್ರ ಓದಿದವರೊಬ್ಬರು ಊರಿಗೆಲ್ಲ ಕೇಳುವ ದನಿ ಕಟ್ಟಿದ ಈ ಕಥೆಗಿಂತ ಒಳ್ಳೆಯ ಮೊದಲ ಅಧ್ಯಾಯ ಯಾವುದಿದೆ? 1930ರ ದಶಕದಲ್ಲಿ ವಿ.ವಿ. ಕಾಮತರು ಬಿನೆಯ ಬುದ್ಧಿಪರೀಕ್ಷೆಯನ್ನು ಕನ್ನಡ, ಮರಾಠಿ ಮಾತಾಡುವ ಮಕ್ಕಳಿಗೆ ಒಗ್ಗಿಸಿದರು. ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರಲ್ಲಿ ಅದು ಆಸ್ಪತ್ರೆಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. ಪ್ಯಾರಿಸಿನ ಮಕ್ಕಳಿಗೆ ಮಾಡಿದ ಪ್ರಶ್ನೆಯನ್ನು ಇಲ್ಲಿಯ ಮಗುವಿಗೆ ಹೇಗೆ ಕೇಳುವುದು ಎಂದು ಕನ್ನಡದ ನೆಲದಲ್ಲಿ ಅಷ್ಟು ಹಿಂದೆಯೇ ತಲೆ ಕೆಡಿಸಿಕೊಂಡವರಿದ್ದರು ಎಂದಾಯಿತು. ವೈದ್ಯರಾಗಿದ್ದ ಎಂ. ಶಿವರಾಂ ಮನಸ್ಸಿನ ವ್ಯಾಪಾರಗಳ ಬಗ್ಗೆ ಕನ್ನಡದಲ್ಲಿ ಬರೆದ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಹಾನ್ಸ್‌ನಲ್ಲಿದ್ದ ಸಿ.ಆರ್. ಚಂದ್ರಶೇಖರ್ ಸರಳ ಕನ್ನಡದಲ್ಲಿ ಪುಸ್ತಕದ ಮೇಲೆ ಪುಸ್ತಕ ಬರೆದರು. ಇವು ಪಠ್ಯವಾಗಬೇಕೆಂದು ನಾನು ಹೇಳುತ್ತಿಲ್ಲ. ಮೊದಲ ವರ್ಷದ ಓದಿನ ಪಟ್ಟಿಯಲ್ಲಿ ಒಂದು ಸಾಲಾಗಿಯಾದರೂ ಇದ್ದರೆ, ಈ ಶಾಸ್ತ್ರ ಕನ್ನಡದಲ್ಲಿ ಯೋಚಿಸಲು ಬರುವಂಥದ್ದು ಎಂಬ ಧೈರ್ಯ ಹುಟ್ಟುತ್ತದೆ.

ಬುನಾದಿಗೆಂದೇ ಒಂದು ವರ್ಷ ಎತ್ತಿಡುವವರೂ ಇದ್ದಾರೆ. ಇಂಗ್ಲೆಂಡಿನ ಹಲವು ವಿಶ್ವವಿದ್ಯಾಲಯಗಳಲ್ಲಿ 'ಫೌಂಡೇಶನ್ ವರ್ಷ ಸಹಿತ' ಸೈಕಾಲಜಿ ಪದವಿ ಇದೆ. ಮೂರು ವರ್ಷದ ಪದವಿ ಹೀಗೆ ನಾಲ್ಕಾಗುತ್ತದೆ. ಶಾಲೆಯಲ್ಲಿ ಬೇಕಾದ ಅಂಕ ಬಾರದವರು, ಬೇಕಾದ ವಿಷಯ ಓದದವರು, ವರ್ಷಗಳ ನಂತರ ಓದಿಗೆ ಮರಳಿದವರು ಮೊದಲ ವರ್ಷದಲ್ಲಿ ಪ್ರಬಂಧ ಬರೆಯುವುದು, ಅಂಕಿ-ಅಂಶ ಓದುವುದು, ವಿಷಯದ ಮೊದಲ ಪಾಠಗಳು ಇವನ್ನು ಕಲಿತು ಮುಂದೆ ಹೋಗುತ್ತಾರೆ. ಈ ವ್ಯವಸ್ಥೆಯಲ್ಲಿ ನನಗೆ ಮೆಚ್ಚುಗೆಯಾಗುವುದು ಅದರ ಪ್ರಾಮಾಣಿಕತೆ. ಅಂತರ ಇದೆ ಎಂದು ಒಪ್ಪಿ ಅದಕ್ಕೆ ಸಮಯ ಕೊಡುತ್ತದೆ. ಆದರೆ ಆ ಒಂದು ವರ್ಷದ ಶುಲ್ಕವನ್ನು ಹೊರುವವರು ಹಿಂದುಳಿದವರೇ. ಈ ಹೊರೆ ಅಲ್ಲಿಯೂ ಚರ್ಚೆಯಾಗಿ, ತರಗತಿ ಪಾಠವೇ ಮುಖ್ಯವಾದ ವಿಷಯಗಳ ಫೌಂಡೇಶನ್ ವರ್ಷಕ್ಕೆ ಸರ್ಕಾರ 2025-26ರಿಂದ ಶುಲ್ಕದ ಮಿತಿಯನ್ನು 5,760 ಪೌಂಡಿಗೆ ಇಳಿಸಬೇಕಾಯಿತು. ನಮ್ಮಲ್ಲಿ ಕಥೆ ತಿರುವುಮುರುವು. ಪಿಯುಸಿಯಲ್ಲಿ ಸೈಕಾಲಜಿ ಓದಿದವರೂ ಅದರ ಹೆಸರನ್ನೇ ಕೇಳದವರೂ ಪದವಿಯಲ್ಲಿ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಓದಿ ಬಂದವರಿಗೆ ಅದೇ ಅಧ್ಯಾಯಗಳ ಪುನರಾವರ್ತನೆ, ಓದದವರಿಗೆ ಏದುಸಿರು. ಶಾಲೆಗಳಲ್ಲಿ ಜೂನ್ ಬಂತೆಂದರೆ ಸೇತುಬಂಧ ನಡೆಸುವ ರಾಜ್ಯ ನಮ್ಮದು. ಹಿಂದಿನ ತರಗತಿಯ ಕಲಿಕೆ ಎಷ್ಟಿದೆ ಎಂದು ನೋಡಿ ಮುಂದಿನದಕ್ಕೆ ಹೋಗುವ ಆ ಒಳ್ಳೆಯ ಪದ್ಧತಿ ಕಾಲೇಜಿನ ಗೇಟಿನ ಹೊರಗೇ ನಿಂತುಬಿಟ್ಟಿದೆ.

ಮೇಲಿಂದ ನೀತಿಯ ಗಾಳಿ ಬೇರೆ. 2021-22ರಲ್ಲಿ ನಾಲ್ಕು ವರ್ಷದ ಪದವಿಯನ್ನು ದೇಶದಲ್ಲೇ ಮೊದಲು ತಂದೆವೆಂದು ಹೇಳಿಕೊಂಡೆವು. 2024ರಲ್ಲಿ ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ಮೇಲೆ ಮೂರು ವರ್ಷಕ್ಕೆ ಮರಳಿದೆವು. ಎರಡಕ್ಕೂ ಸಮರ್ಥನೆಗಳಿವೆ. ಬಡ ಮನೆಯ ಮಕ್ಕಳಿಗೆ ನಾಲ್ಕನೆಯ ವರ್ಷ ಹೊರೆ ಎಂಬ ವಾದವನ್ನು ನಾನು ಒಪ್ಪುತ್ತೇನೆ. ಆದರೆ ಎಷ್ಟು ವರ್ಷ ಎಂಬ ಜಗಳದಲ್ಲಿ ಮೊದಲ ವರ್ಷದಲ್ಲಿ ಏನು ಎಂಬ ಮಾತು ಎರಡು ಸಲವೂ ಹಿಂದೆ ಬಿತ್ತು.

ಇದಕ್ಕಿಂತ ತುರ್ತಿನದು ಮುಂದಿನ ದಾರಿಯ ಮಾಹಿತಿ. ಬಿ.ಎ. ಸೈಕಾಲಜಿ ಮುಗಿಸಿದರೆ ಸೈಕಾಲಜಿಸ್ಟ್ ಆಗುತ್ತೇನೆ ಎಂದು ನಂಬಿ ಸೇರುವವರು ಬಹಳ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಕೆಲಸ ಮಾಡಲು ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ವೃತ್ತಿಪರ ತರಬೇತಿ ಮತ್ತು ನೋಂದಣಿ ಬೇಕು, ಮೂರು ವರ್ಷದ ಪದವಿ ಅದಕ್ಕೆ ಸಾಲದು. 2025ರಲ್ಲಿ ಯುಜಿಸಿ ದೂರಶಿಕ್ಷಣ ಮತ್ತು ಆನ್‌ಲೈನ್ ಮೂಲಕ ಸೈಕಾಲಜಿ ಕಲಿಸುವುದನ್ನು ನಿಲ್ಲಿಸಿತು. ಮನಸ್ಸಿನ ಆರೈಕೆಯನ್ನು ಎದುರಿಗೆ ಕೂತೇ ಕಲಿಯಬೇಕು ಎಂಬುದು ನ್ಯಾಯ. ಆದರೆ ಮದುವೆಯಾದ ಮೇಲೆ ಅಂಚೆಯಲ್ಲಿ ಓದು ಮುಂದುವರಿಸುತ್ತೇನೆ ಎಂದುಕೊಂಡಿದ್ದ ಹಳ್ಳಿಯ ಹೆಣ್ಣುಮಕ್ಕಳಿಗೆ ಒಂದು ಬಾಗಿಲು ಮುಚ್ಚಿತು. ಇದೆಲ್ಲ ಮೊದಲ ವರ್ಷದ ಮೊದಲ ತಿಂಗಳಲ್ಲಿ, ಅವರಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕಾದ ಮಾತು. ಹೇಳದೆ ಮೂರು ವರ್ಷ ಕೂರಿಸಿಕೊಳ್ಳುವುದು ಅನ್ಯಾಯ.

ಇಂಥ ಮಕ್ಕಳು ಈ ಓದಿನಲ್ಲಿ ಉಳಿಯಬೇಕೆಂದು ನಾನು ಒತ್ತಾಯಿಸುವುದು ಅವರ ಮೇಲಿನ ಕನಿಕರದಿಂದಲ್ಲ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡುವವರು ತಮ್ಮ ಮಾತಿನಲ್ಲಿ ಅಳುತ್ತಾರೆ. ಸರ್ಕಾರದ ಮಾನಸಿಕ ಆರೋಗ್ಯ ಸೇವೆಯಾದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ಹೆಂಗಸು ಖಿನ್ನತೆ ಎಂಬ ಪದ ಬಳಸುವುದಿಲ್ಲ. ಎದೆ ಭಾರ, ತಲೆಯಲ್ಲಿ ಉರಿ, ಕೈಕಾಲಲ್ಲಿ ಶಕ್ತಿಯಿಲ್ಲ ಎನ್ನುತ್ತಾಳೆ, ಅದನ್ನೂ ಅರ್ಧ ತೆಲುಗಿನಲ್ಲಿ, ಅರ್ಧ ಕನ್ನಡದಲ್ಲಿ. ಮುಳಬಾಗಿಲಿನಂಥ ಗಡಿ ತಾಲ್ಲೂಕಿನಲ್ಲಿ ಅದನ್ನು ಕೇಳಿಸಿಕೊಳ್ಳಬಲ್ಲ ಕಿವಿ ಇದೇ ಸೀಮೆಯ ಮಕ್ಕಳಿಗೆ ಇದೆ. ಆ ಕಿವಿಯನ್ನು ಮೂರು ವರ್ಷ ಇಂಗ್ಲಿಷ್ ವ್ಯಾಖ್ಯೆ ಬಾಯಿಪಾಠ ಮಾಡಿಸಿ ಮಂಕು ಮಾಡಿ, ಆಮೇಲೆ ಸ್ಥಳೀಯ ಭಾಷೆ ಬಲ್ಲ ಆಪ್ತಸಮಾಲೋಚಕರಿಲ್ಲ ಎಂದು ಕೊರಗುವುದು ಯಾವ ನ್ಯಾಯ?

ಇಂಗ್ಲಿಷ್ ಬೇಡ ಎನ್ನುವ ಪಕ್ಷದವನು ನಾನಲ್ಲ. ಮುಂದಿನ ಓದು, ಸಂಶೋಧನಾ ಲೇಖನ ಎಲ್ಲ ಅದರಲ್ಲಿವೆ, ಅದು ಬರಲೇಬೇಕು. ಅದಕ್ಕೂ ಮೊದಲ ವರ್ಷವೇ ಸರಿಯಾದ ಕಾಲ. ಮಾಡಿದ ಪ್ರಯೋಗವನ್ನು ಕನ್ನಡದಲ್ಲಿ ಒಂದು ಪುಟ ಬರೆದು, ಅದನ್ನೇ ಇಂಗ್ಲಿಷಿನಲ್ಲಿ ಮತ್ತೊಂದು ಪುಟ ಬರೆಸಿದರೆ ಎರಡೂ ಬರುತ್ತವೆ, ನಕಲು ತಾನೇ ನಿಲ್ಲುತ್ತದೆ. ಇದಕ್ಕೆ ಹೊಸ ನೀತಿ ಬೇಡ, ಆಯೋಗ ಬೇಡ, ಕೋಲಾರದ ಟಮಕದಲ್ಲಿರುವ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ಅನುಮತಿಗಾಗಿಯೂ ಕಾಯಬೇಕಿಲ್ಲ. ಆಂತರಿಕ ಮೌಲ್ಯಮಾಪನದ ಅಂಕಗಳು ಅಧ್ಯಾಪಕರ ಕೈಯಲ್ಲಿವೆ. ಮೌಖಿಕ ಪರೀಕ್ಷೆಯಲ್ಲಿ ನೆನಪಿನ ವ್ಯಾಖ್ಯೆ ಕೇಳುವ ಬದಲು, 'ಈ ಪಟ್ಟಿಯಿಂದ ಚೇಪ ಎಂಬ ತುಣುಕನ್ನು ಯಾಕೆ ತೆಗೆದಿರಿ' ಎಂದು ಕೇಳಿ, ಉತ್ತರ ಯಾವ ಭಾಷೆಯಲ್ಲಿ ಬಂದರೂ ಪೂರ್ತಿ ಅಂಕ ಕೊಡಲು ಈ ಸೆಮಿಸ್ಟರಿನಿಂದಲೇ ಸಾಧ್ಯವಿದೆ.